ಫ್ರಿಜ್ಜಿನ ಟೊಮ್ಯಾಟೊ ಮುಟ್ಟಬೇಡ

ಲೋ ಕುಂಭಕರ್ಣ,

ನಾನು ಕೆಲಸಕ್ಕೆ ಹೊರಟೆ. ಇವತ್ತು ಹಾಸ್ಪೈಸ್ ಆಸ್ಪತ್ರೆಗೆ, ಅಪ್ಪನ ಹತ್ತಿರ, ನೀನು ಹೋಗು. ಫ್ರಿಜ್ಜಲ್ಲಿರೋ ಎರಡು ಟೊಮ್ಯಾಟೊ ತಿಂದರೆ ಕೈ ಮುರೀತೀನಿ. ಅವು ಅಲ್ಲಿನ ತೋಟದ ಗಿಡಕ್ಕೆ ಕಟ್ಟೋಕೆ.

ದೊಡ್ಡದು ಅಪ್ಪನ ಗಿಡಕ್ಕೆ. ಪಕ್ಕದ ಕೋಣೆ ಅಜ್ಜಿ ಗಿಡಕ್ಕಿಂತ ತಮ್ಮದರಲ್ಲೇ ದೊಡ್ಡ ಹಣ್ಣು ಬಿಡಬೇಕಂತೆ. ಹುಟ್ಟಿದಾಗಿನಿಂದ ಒಂದು ಗಿಡಕ್ಕೂ ನೀರು ಹಾಕದ ಮನುಷ್ಯ, ಈಗ ಹಟ ನೋಡು! ಹಸಿರು ದಾರ ಮೇಜಿನ ಮೇಲಿದೆ. ಈ ಸಲವಾದರೂ ಅಂಗಡಿ ಸ್ಟಿಕ್ಕರ್ ಕಿತ್ತು ಕಟ್ಟು, ದಡ್ಡ. ಹೋದ ವಾರ ಅಜ್ಜಿ ಕನ್ನಡಕ ಹಾಕ್ಕೊಂಡು ಅದನ್ನ ಪೂರ್ತಿ ಓದಿದ್ದಾರೆ.

ಚಿಕ್ಕದು ಅಜ್ಜಿ ಗಿಡಕ್ಕೆ. ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ಕಟ್ಟು. ನಿನ್ನೆ ಅಜ್ಜಿ ನನ್ನ ಕರೆದು, "ನನ್ ಗಿಡಕ್ಕೂ ಒಂದು ಕಟ್ಟಮ್ಮ. ಆದ್ರೆ ಚಿಕ್ಕದು ತಾ, ನಿಮ್ಮಪ್ಪ ಗೆಲ್ಲಲಿ" ಅಂದರು.

ಹೋಗ್ತಾ ಬದನೆ ಬೀಜ ತಗೋ. ಮುಂದಿನ ಪಂದ್ಯ ಬದನೆಯದಂತೆ. ಅದು ಕಾಯಿ ಬಿಡೋಕೆ ತಿಂಗಳುಗಟ್ಟಲೆ ಬೇಕು. ಡಾಕ್ಟರು ಅಷ್ಟು ಟೈಮ್ ಕೊಟ್ಟಿಲ್ಲ ಅಂತ ಅಪ್ಪ, ಅಜ್ಜಿ ಇಬ್ಬರಿಗೂ ಗೊತ್ತು. ನೀನು ಬಾಯಿ ಮುಚ್ಕೊಂಡು ಎರಡು ಪೊಟ್ಟಣ ತಗೊಂಡು ಹೋಗು.

ಅಕ್ಕ