ಕಮ್ಮಾರ ಓಣಿಯ ಒಳಸುತ್ತು

ಹೊಸಕಣವಿ
ಎರಡನೇ ಬೇಸಿಗೆಯ ಐವತ್ತೊಂದನೇ ದಿನ, ಕ್ರಿ.ಶ. 2419

ಕುಮುದಿನಿ ಅವರಿಗೆ ಸಾಲುಗಾವಲಿ ಚೆನ್ನಗಂಗಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ವರ್ಷಕ್ಕೆ ಬೇಸಿಗೆ ಎರಡು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಎಲ್ಲಾದರೂ ಮಾತು ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಾಲುಗಾವಲಿ ಎಂದರೆ ಹಳೆಯ ಪ್ರೋಗ್ರಾಂಗಳ ಸಾಲುಗಳನ್ನು ಕಾಯುವವಳು. ನೀವು 1987ರಲ್ಲಿ ಯಾವುದೋ ಕಾರ್ಖಾನೆಯ ಪಾಳಿ ಹಂಚಲು ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇವತ್ತು ನಮ್ಮ ಊರಿಗೆ ತಂಪು ಹಂಚುತ್ತಿದೆ. ಬರೆದವರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರಿದೆ. ನಿಮ್ಮ ಬಗ್ಗೆ ನಮಗೆ ಗೊತ್ತಿರುವುದು ಅಷ್ಟೇ.

ಇಲ್ಲಿ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು ಒಳಗೆ ಕೂರುತ್ತೇವೆ. ಹೆಂಗಸರು ಗಂಡಸರು ಎಲ್ಲರೂ ನೂಲುತ್ತಾರೆ, ಹರಟುತ್ತಾರೆ, ಜಗಳವಾಡುತ್ತಾರೆ. ನೆಲದಾಳದ ತಣ್ಣನೆಯ ಗಾಳಿ ತಂಗೊಳವೆಗಳಲ್ಲಿ ಮನೆಮನೆಗೆ ಸರದಿಯಂತೆ ಬರುತ್ತದೆ. ಆ ಸರದಿಯೇ ನಿಮ್ಮ ಸುತ್ತು, ನೀವು ಲೂಪ್ ಎನ್ನುತ್ತಿದ್ದಿರಿ. ಪಂಕ್ತಿಯಲ್ಲಿ ಬಡಿಸಿದ ಹಾಗೆ ಅದು: ಪ್ರತಿ ಗಂಟೆಗೂ ಎಲ್ಲ ಓಣಿ, ಪ್ರತಿ ಓಣಿಯಲ್ಲೂ ಎಲ್ಲ ಮನೆ. ಒಳಸುತ್ತು ಮುಗಿಯದೆ ಹೊರಸುತ್ತು ಮುಂದೆ ಹೋಗುವುದಿಲ್ಲ. ಇಷ್ಟು ಚೆಂದದ ಯೋಚನೆ ಮಾಡಿದವರು ಸಾಲುಗಳನ್ನು ಮಾತ್ರ ಕಂಡಕಂಡಲ್ಲಿ ಮುರಿದು ಕೆಳಗಿನ ಸಾಲಿಗೆ ಇಳಿಸಿದ್ದೀರಲ್ಲ ಎಂದು ನಾನು ನಕ್ಕಿದ್ದೆ. ಕೈ ಸೊಟ್ಟ ಇರಬೇಕು ಪಾಪ, ಅಂದುಕೊಂಡಿದ್ದೆ.

ಈ ಬೇಸಿಗೆ ನಮ್ಮ ಕಮ್ಮಾರ ಓಣಿಗೂ ಕೊಳವೆ ಬಂತು, ಹದಿನೈದು ಮನೆ. ಅದಕ್ಕೊಂದು ಒಳಸುತ್ತನ್ನು ನಾನೇ ಬರೆದೆ. ಸಾಲುಗಾವಲಿಗಳಲ್ಲಿ ಒಂದು ಪದ್ಧತಿಯಿದೆ: ಸುತ್ತು ಒಳಗೆ ಹೋದಷ್ಟೂ ಸಾಲನ್ನು ಬಲಕ್ಕೆ ಸರಿಸಬೇಕು, ನೋಡಿದವರು ಭೇಷ್ ಅನ್ನಬೇಕು. ನಾನು ಎಲ್ಲರಿಗಿಂತ ಹೆಚ್ಚಾಗಿಯೇ ಸರಿಸಿದೆ. ‘ಮನೆ ಹದಿನೈದು ದಾಟುವವರೆಗೆ’ ಎಂಬ ಅರ್ಥದ ಸಾಲನ್ನು, 15 ಎಂಬ ಅಂಕಿ ಕೊನೆಗೆ ಬರುವಂತೆ, ಅಂದವಾಗಿ ಬರೆದೆ. ಮರುದಿನ ಓಣಿಯಲ್ಲಿ ಒಂದೇ ಮನೆಗೆ ತಂಪು ಬಂತು. ಮೊದಲನೇ ಮನೆಗೆ. ಅದು ನನ್ನ ಮನೆ.

ಎದುರು ಮನೆಯ ದ್ಯಾವವ್ವ ಎಂಟು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಕೂಸಿನ ಮೈ ಕೆಂಡವಾಗಿತ್ತು. “ನಿನ್ನ ಮನಿ ಒಂದ ತಂಪಾದ್ರ ಸಾಕೇನು? ಕೂಸಿನ ಮುಖ ನೋಡಿ ಹೇಳ, ಇದು ಯಂತ್ರದ ತಪ್ಪೋ ನಿಂದೋ?”

ಕೂಸನ್ನು ನನ್ನ ಮನೆಯಲ್ಲಿ ಮಲಗಿಸಿ, ಉಳಿದವರನ್ನೂ ಒಳಗೆ ಕರೆದೆ. ಬಂದವರು ಐದು ಮಂದಿ. ಮೂರು ದಿನ ಆ ಸಾಲನ್ನೇ ಓದಿದೆ. ತಪ್ಪೇ ಕಾಣಲಿಲ್ಲ. ಹೊರಗೆ ಕಳ್ಳಿ ಎಂದರು, ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಕೊನೆಗೆ ನಿಮ್ಮ ಸಾಲುಗಳ ಪಕ್ಕ ನನ್ನದನ್ನಿಟ್ಟು, ಅಕ್ಷರಕ್ಕೊಂದು ಹುಣಸೆಬೀಜ ಇಟ್ಟು ಎಣಿಸಿದೆ, ಖಾಲಿ ಜಾಗವನ್ನೂ ಬಿಡದೆ. ನಿಮ್ಮ ಒಂದು ಸಾಲೂ ಎಪ್ಪತ್ತೆರಡು ದಾಟಿರಲಿಲ್ಲ. ನನ್ನ 15ರಲ್ಲಿ 1 ಎಪ್ಪತ್ತೆರಡನೇ ಜಾಗದಲ್ಲಿ, 5 ಎಪ್ಪತ್ತಮೂರನೇ ಜಾಗದಲ್ಲಿ ಕೂತಿತ್ತು. ಎಪ್ಪತ್ತೆರಡರ ಆಚೆಗಿನದನ್ನು ಯಂತ್ರ ಓದುವುದೇ ಇಲ್ಲ. ಅದಕ್ಕೆ ಕಂಡದ್ದು ಒಂದೇ ಮನೆ.

ನಿಮ್ಮ ಕೈ ಸೊಟ್ಟ ಅಲ್ಲ, ತಾಯಿ. ತಪ್ಪಾಯಿತು.

ಸಾಲನ್ನು ಮುರಿದು ಬರೆದೆ. ಹದಿನೈದೂ ಮನೆ ತಂಪಾದವು, ಕೂಸಿನ ಜ್ವರ ಇಳಿಯಿತು. ಆದರೆ ದ್ಯಾವವ್ವನಿಗೆ ಹುಣಸೆಬೀಜದ ಕಥೆ ಹೇಳಿದಾಗ ಅವಳು, “ಆತು ಬಿಡವ್ವ, ನಿನ್ ಮನಿ ಮೊದಲನೇದು ಆಗಿತ್ತಲ್ಲ,” ಎಂದಳು. ಅವಳನ್ನು ಹೇಗೆ ದೂರಲಿ? ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಿಮ್ಮನ್ನು ಒಂದು ಕೇಳಬೇಕು. ಈ ಕಾಗದ ಹೇಗಾದರೂ ನಿಮಗೆ ಮುಟ್ಟಿದರೆ, ಸಾಲು ಮುರಿದ ಕಡೆ ಏಕೆ ಮುರಿದಿರಿ ಎಂದು ಒಂದು ಮಾತು ಬರೆದಿಡಿ. ನಿಮಗೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಅನ್ನಿಸಿರಬಹುದು. ನಮ್ಮಲ್ಲಿ ಗೊತ್ತಿದ್ದವರು ಒಬ್ಬರೂ ಉಳಿದಿಲ್ಲ.

ನಿನ್ನೆ ನಾನು ಓಣಿಯ ಕೊನೆಯ ಮನೆಯವರ ಜೊತೆ ಮನೆ ಬದಲಾಯಿಸಿಕೊಂಡೆ. ಪಾತ್ರೆ ಹೊರಲು ದ್ಯಾವವ್ವನೂ ಬಂದಿದ್ದಳು. ಇನ್ನು ಮೇಲೆ ನನ್ನ ಸುತ್ತು ಎಲ್ಲೇ ಅರ್ಧಕ್ಕೆ ನಿಂತರೂ ಮೊದಲು ಬೇಯುವವಳು ನಾನು.

ಚೆನ್ನಗಂಗಿ
ಹದಿನೈದನೇ ಮನೆ, ಕಮ್ಮಾರ ಓಣಿ