ಸೌಂಡ್ ಇಳಿಸಿ ಹಾಕಿದ ಹಾಡು

ಕುವೆಂಪುನಗರ,
ಶುಕ್ರವಾರ

ಮುದ್ದಮ್ಮ ಅತ್ತಿಗೆಗೆ ವಸಂತನ ನಮಸ್ಕಾರ.

ಹಾಡು ಬರುತ್ತಿಲ್ಲ ಅಂತ ಮೊಬೈಲನ್ನು ರಿಪೇರಿಗೆ ಕೊಡಬೇಡಿ. ಅದು ಕೆಟ್ಟಿಲ್ಲ. ಚೆಲುವಯ್ಯಣ್ಣನ ಹಾಡನ್ನು ಹಾಡಿನ ಆ್ಯಪ್‌ನವರೇ ತೆಗೆದುಹಾಕಿದ್ದಾರೆ.

ಟಾಪ್ ಟೆನ್ನಿನ ತುಂಬ ಕಂಪನಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ಹಾಡುಗಳೇ ಕೂತಿವೆ, ನಮ್ಮ ಹೂಟಗಳ್ಳಿಯ ದನಿಯೂ ಒಮ್ಮೆ ಮೇಲೆ ಬರಲಿ ಎಂದು ಅಣ್ಣ ತೀರಿಕೊಂಡ ಮೇಲೆ ಹೊರಟೆವಲ್ಲ, ಅಲ್ಲೇ ಎಡವಟ್ಟಾಯಿತು. ನಮ್ಮ ಹಾಡಿನ ಬಳಗದವರೆಲ್ಲ ಮೊಬೈಲನ್ನು ಚಾರ್ಜಿಗೆ ಹಾಕಿ, ಸೌಂಡ್ ಪೂರ್ತಿ ಇಳಿಸಿ, ದಿನವಿಡೀ ಅದನ್ನೇ ಓಡಿಸಿದೆವು. ನೀವು ನೋಡಿ, "ಕೇಳ್ದೇ ಇರೋಕೆ ಯಾಕ್ರಪ್ಪಾ ಹಾಕ್ತೀರಿ?" ಅಂದಿರಿ. "ಎಷ್ಟು ಸಲ ಓಡ್ತು ಅನ್ನೋ ಲೆಕ್ಕಕ್ಕೆ ಕಣತ್ತಿಗೆ" ಅಂತ ನಾವು ನಕ್ಕೆವು. ಇದು ಮನುಷ್ಯರು ಕೇಳಿದ್ದಲ್ಲ ಎಂದು ಆ್ಯಪ್‌ನವರು ತೀರ್ಮಾನಿಸಿದರು. ನಕಲಿಯ ಮೇಲೆ ಸಮರ, ನಮಗೇ ನಕಲಿಯ ಮೊಹರ. ಪ್ರಾಸ ಕೂಡಿತು, ಕೆಲಸ ಕೆಟ್ಟಿತು.

ಮರಳಿ ಹಾಕಿ ಎಂದು ಬರೆದೆ, ಆಗುವುದಿಲ್ಲವಂತೆ. ಅಣ್ಣನಿಂದ ಹಾಡಿಸಿದ ಸ್ಟುಡಿಯೋದವನು ಅಂಗಡಿ ಮುಚ್ಚಿದ್ದಾನೆ. ನಮ್ಮಲ್ಲಿ ಯಾರೂ ಹಾಡನ್ನು ಮೊಬೈಲಿಗೆ ಇಳಿಸಿಟ್ಟುಕೊಂಡಿರಲಿಲ್ಲ.

ಉಳಿದಿರುವುದು ನಿಮ್ಮ ಮನೆಯಲ್ಲಿ ತಾಲೀಮು ಮಾಡಿದಾಗ ನಾನು ರೆಕಾರ್ಡ್ ಮಾಡಿಕೊಂಡದ್ದೊಂದೇ. ಅದರಲ್ಲಿ ಕುಕ್ಕರ್ ಕೂಗುತ್ತದೆ. ಅಣ್ಣ ಎರಡನೇ ಚರಣದ ನಡುವೆ ನಿಲ್ಲಿಸಿ, ಹಾಡು ಬರೆದ ನನಗೆ, "ಪ್ರಾಸಕ್ಕೋಸ್ಕರ ನನ್ನ ಉಸಿರೇ ತೆಗೀತೀಯಲ್ಲೋ" ಎಂದು ಬೈದು, "ಮುದ್ದೂ, ವಸಿ ನೀರ್ ಕೊಡಮ್ಮಿ" ಅನ್ನುತ್ತಾರೆ. ಆಮೇಲೆ ಹಾಡಿಲ್ಲ. ನಿಮ್ಮ ಬಳೆಯ ಸದ್ದಿದೆ.

ಭಾನುವಾರ ಎಲ್ಲರೂ ಬರುತ್ತೇವೆ. ಅಡುಗೆಯ ತೊಂದರೆ ತೆಗೆದುಕೊಳ್ಳಬೇಡಿ. ಮಗಳು ಧರಣಿಗೆ ಹೇಳಿ ಸ್ಪೀಕರ್ ಚಾರ್ಜ್ ಮಾಡಿಸಿಡಿ. ಈ ಸಲ ಕೇಳುತ್ತೇವೆ.

ನಿಮ್ಮ ಮೈದುನನಂಥ,
ವಸಂತ್