ತೆಂಗಿನಕಾಯಿ ಗಾಡಿಯವರ ಮಾತು ಕತ್ತರಿಸಿದವರಿಗೆ

ಚಲನಚಿತ್ರ ಪರಿಶೀಲನಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರು ಮಾಡಬೇಕಿತ್ತು. ಮಾಡಿದೆನೆಂದೇ ತಿಳಿಯಿರಿ. ಮುಖವಾಡದ ನಾಯಕ ಆಕಾಶದಲ್ಲಿ ಹಾರಾಡುವ ಆ ಸಿನಿಮಾದಿಂದ, ಅದು ಬಿಡುಗಡೆಯಾಗಿ ಜನ ನೋಡುತ್ತಿರುವಾಗಲೇ, ನಗು ಬರುವ ಜಾಗಗಳನ್ನೆಲ್ಲ ತಾವು ತೆಗೆಸಿದಿರಿ. ಆ ಜಾಗಗಳಲ್ಲಿ ಇದ್ದವರು ನಮ್ಮ ಯಜಮಾನರು, ಹೊನ್ನೂರಿನ ಮಂಟೇಸ್ವಾಮಿ. ಅವರು ಈಗ ಇಲ್ಲ. ಮಗ ಮಾತಾಡುವುದನ್ನು ಒಂದು ಸಲ ಕೇಳಬೇಕೆಂದು ಅವರ ತಾಯಿ ಮಾದೇವಮ್ಮ, ಅಂದರೆ ನಮ್ಮ ಅತ್ತೆ, ಕೊಳ್ಳೇಗಾಲದ ಟಾಕೀಸಿಗೆ ಬಂದರು. ಕೇಳಿಸಲಿಲ್ಲ. ನನ್ನ ದೂರು ಇದೇ.

ತಾವು ಸಿನಿಮಾ ನೋಡಿಯೇ ಇರುತ್ತೀರಿ, ನೋಡುವುದೇ ತಮ್ಮ ಕೆಲಸವಲ್ಲವೇ? ಮೊದಲಿಂದ ಕೊನೆತನಕ ಕತ್ತಲು. ಯಾರ ಮನೆಯಲ್ಲೂ ಒಂದು ಬಲ್ಬಿಲ್ಲ. ಖಳನಾಯಕ ಕುಡಿಯುವ ನೀರಿಗೆ ವಿಷ ಬೆರೆಸುತ್ತಾನೆ, ಜನ ಸಾಯುತ್ತಾರೆ, ನಾಯಕ ಮಳೆಯಲ್ಲಿ ನಿಂತು ಹಲ್ಲು ಕಚ್ಚುತ್ತಾನೆ. ಇದರ ಒಂದಿಷ್ಟು ಭಾಗವನ್ನು ಮಲೆ ಮಹದೇಶ್ವರ ಬೆಟ್ಟದ ರಸ್ತೆಯಲ್ಲಿ ತೆಗೆದರು. ನಮ್ಮ ಯಜಮಾನರು ಬೆಟ್ಟದ ಅಂಗಡಿಗಳಿಗೆ ಲಗೇಜ್ ಆಟೋದಲ್ಲಿ ತೆಂಗಿನಕಾಯಿ, ಎಳನೀರು ಹಾಕುತ್ತಿದ್ದವರು. ಶೂಟಿಂಗಿನವರು ದಾರಿಯಲ್ಲಿ ತಡೆದು, ಗಾಡಿ ಬೇಕು, ನೀವೂ ಬೇಕು ಎಂದರಂತೆ. ಇವರು ಕಾಯಿ ಇಳಿಸುವುದನ್ನೂ ಬಿಟ್ಟು ನಿಂತರು.

ನಾಯಕ ಆಕಾಶದಿಂದ ಬಂದು ಕಾಯಿ ಲೋಡಿನ ಮೇಲೆ ಬೀಳುತ್ತಾನೆ. ಇವರು ಇಳಿದು, ಮೊದಲು ಕಾಯಿ ನೋಡಿ, ಆಮೇಲೆ ಅವನನ್ನು ನೋಡುತ್ತಾರೆ. “ಮ್ಯಾಗ್ಡೆ ಕುಂತ್ಕಂಡ್ರೆ ಪೊಲೀಸ್ನೋರು ಇಡೀತಾರೆ ಸಾ. ಮುಂದ್ಗಡೆ ಬಂದು ಕುಂತ್ಕಳಿ.” ಅವನು ಮತ್ತೆ ಮೇಲೆ ಹಾರಿ, ಅಲ್ಲಿಂದಲೇ ಲೋಕ ಮುಳುಗುವ ಸುದ್ದಿ ಹೇಳುತ್ತಾನೆ. ಇವರು, “ವಸಿ ಕೆಳಿಕ್ಕೆ ಇಳ್ದು ಮಾತಾಡಿ ಸಾ, ಕತ್ತು ನೋಯ್ತದೆ” ಎನ್ನುತ್ತಾರೆ. ಕೊನೆಗೆ ಒಂದು ಎಳನೀರು ಕೆತ್ತಿ ಕೊಟ್ಟು, ಮುಖವಾಡವನ್ನು ಸುತ್ತಲೂ ನೋಡಿ ಕೇಳುತ್ತಾರೆ: “ಬಾಯೇ ಇಲ್ವಲ್ಲ ಸಾ ಇದ್ಕೆ. ಉಣ್ಣೋದೆಂಗೆ?” ಈ ಕೊನೆಯದು ಬರೆದುಕೊಟ್ಟ ಮಾತಲ್ಲ. ಮನುಷ್ಯ ನಿಜವಾಗಿಯೂ ಕೇಳಿದ್ದು. ಅಲ್ಲಿದ್ದವರೆಲ್ಲ ನಕ್ಕರಂತೆ, ಹಾಗೇ ಉಳಿಸಿಕೊಂಡರು.

ಸಿನಿಮಾ ಬರುವುದರೊಳಗೆ ಇವರು ಹೋದರು. ಆಲೆಮನೆಗೆ ಕಬ್ಬು ಇಳಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಹಾಗೇ ಮಲಗಿದರು. ನಾನಿದ್ದೆ. ಅತ್ತೆ ಊರಲ್ಲಿರಲಿಲ್ಲ, ಶಾಗ್ಯದಲ್ಲಿ ಮಗಳ ಮನೆಯಲ್ಲಿದ್ದರು.

ಮೊದಲ ವಾರ ಪಕ್ಕದ ಮನೆಯ ಚಂದ್ರಮ್ಮ ನನ್ನನ್ನು ಎಳೆದುಕೊಂಡು ಹೋದಳು. ಟಾಕೀಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಅವರು ಹಾಕಿದ್ದ ಚೌಕಳಿ ಅಂಗಿ ಈಗ ಮನೆಯಲ್ಲಿ ಒಲೆ ಒರೆಸುವ ಬಟ್ಟೆಯಾಗಿದೆ ಎಂಬುದಷ್ಟೇ ನೆನಪಾಯಿತು. ಆಮೇಲೆ ಸೇತುವೆಯ ದೃಶ್ಯ ಬಂತು. ವಿಷ ಕುಡಿದು ಬಿದ್ದವರ ನಡುವೆ ಅದೇ ಅಂಗಿಯಲ್ಲಿ ಇವರೂ ಬಿದ್ದಿದ್ದಾರೆ, ಮುಖವನ್ನು ಹತ್ತಿರದಿಂದ ತೋರಿಸುತ್ತಾರೆ. ಆಗ ನಗುತ್ತಿದ್ದ ಜನವೇ ಅಯ್ಯೋ ಎಂದರು. ಹಿಂದಿನ ಸೀಟಿನ ಯಾರೋ, “ಥೂ, ಎಳ್ನೀರೋನ್ನೂ ಸಾಯಿಸ್ಬುಟ್ರಲ್ಲ” ಎಂದು ಬೈದರು.

ಇಷ್ಟರಲ್ಲಿ ನಮ್ಮ ಕಡೆಯ ಭಾಷಾಭಿಮಾನಿಗಳ ಕೂಟವೊಂದು ತಮಗೆ ಮನವಿ ಕೊಟ್ಟಿತು. ನಮ್ಮ ಸೀಮೆಯ ಮಾತನ್ನು ನಗೆಪಾಟಲು ಮಾಡಿದ್ದಾರೆ, ಇಡೀ ಜಿಲ್ಲೆಗೆ ಅವಮಾನವಾಗಿದೆ ಎಂದು. ಅವರ ಸಿಟ್ಟು ಪೂರ್ತಿ ಸುಳ್ಳಲ್ಲ. ಸಿನಿಮಾಗಳಲ್ಲಿ ನಮ್ಮ ಹಾಗೆ ಮಾತಾಡುವವನು ಕುಡುಕನೋ ವಾಚ್‌ಮನ್ನೋ ಆಗಿರುತ್ತಾನೆ, ಅದು ನನಗೂ ಗೊತ್ತು. ಆದರೆ ಇಲ್ಲಿ ಜನ ನಕ್ಕಿದ್ದು ಯಾರನ್ನು ನೋಡಿ? ಬಾಯಿಲ್ಲದ ಮುಖವಾಡ ತೊಟ್ಟವನನ್ನು ನೋಡಿ. ಇಡೀ ಸಿನಿಮಾದಲ್ಲಿ ಅವನಿಗೆ ಹಸಿವಾಗಿರಬಹುದು ಎಂದು ಯೋಚಿಸಿದ ಮನುಷ್ಯ ಒಬ್ಬನೇ. ಅದು ತಮಗೆ ಅವಮಾನದಂತೆ ಕಂಡಿತು. ಮನವಿ ಕೊಟ್ಟವರನ್ನು ಕರೆದಿರಿ, ಸಿನಿಮಾದವರನ್ನು ಕರೆದಿರಿ. ನಮ್ಮನ್ನು ಯಾಕೆ ಕರೆಯುತ್ತೀರಿ ಬಿಡಿ.

ಅತ್ತೆ ಮೊದಲು ಬರಲು ಒಪ್ಪಲಿಲ್ಲ. “ಮಗ ಸತ್ತ ಮನೆಯೋರು ಟಾಕೀಸ್ಗೆ ಓದ್ರೆ ಜನ ಏನಂದಾರು?” ಎನ್ನುತ್ತಿದ್ದರು. ಆದರೆ ಟೀ ಅಂಗಡಿಯ ಪುಟ್ಟಸಿದ್ದಯ್ಯ ದಿನಾ ಎಳನೀರಿನ ಮಾತು ಹೇಳಿ ತೋರಿಸಿದರು. ಕೇಳಿ ಕೇಳಿ ಅತ್ತೆಗೆ ಆಸೆ ಹುಟ್ಟಿತು. “ಪುಟ್ಟಸಿದ್ದ ಯೋಳದ್ ಬ್ಯಾಡ, ಅವ್ನ್ ಬಾಯಲ್ಲೇ ಕೇಳ್ತೀನಿ, ಕರ್ಕೊಂಡೋಗು” ಎಂದರು. ಯಜಮಾನರ ಫೋನಿನಲ್ಲಿ ಕಬ್ಬಿನ ಲೋಡಿನ ಫೋಟೋ ಬಿಟ್ಟರೆ ಏನಿಲ್ಲ. ಮೊದಲ ವಾರ ಟಾಕೀಸಿನಲ್ಲಿ ಒಬ್ಬರು ಎಳನೀರಿನ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದಿದ್ದರು, ಅದರಲ್ಲಿ ಜನ ನಗುವ ಸದ್ದೇ ಹೊರತು ಇವರ ದನಿ ಇಲ್ಲ. ಹಾಗಾಗಿ ಕರೆದುಕೊಂಡು ಹೋದೆ. ತಮ್ಮ ಆದೇಶ ಅಷ್ಟರಲ್ಲಿ ಬಂದಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಗಾಡಿ ಬರಲಿಲ್ಲ, ಎಳನೀರು ಬರಲಿಲ್ಲ. ನೇರವಾಗಿ ಸೇತುವೆ ಬಂತು. ಅತ್ತೆ ನನ್ನ ಕೈ ಹಿಡಿದುಕೊಂಡು, “ನಮ್ಮ ಮಂಟೇನೇ ಅಲ್ವ ಮಗಾ ಅದು? ಯಾಕ್ ಮಲ್ಗವ್ನೆ?” ಎಂದರು. ಈ ಸಲ ಟಾಕೀಸಿನಲ್ಲಿ ಒಬ್ಬರೂ ಅಯ್ಯೋ ಅನ್ನಲಿಲ್ಲ. ಯಾಕೆ ಅಂದಾರು? ಅವರ ಪಾಲಿಗೆ ಅದು ಯಾರದೋ ಹೆಣ. ಸಿನಿಮಾ ಮುಗಿದು ದೀಪ ಹಾಕಿದರು, ಜನ ಎದ್ದರು. ನಾನೂ ಎದ್ದೆ. ಅತ್ತೆ ನನ್ನ ಸೆರಗು ಜಗ್ಗಿ, “ಕುಂತ್ಕ ಮಗಾ, ಇನ್ನೂ ಮಾತಾಡಿಲ್ಲ ಅವ್ನು” ಎಂದರು. ಕಸ ಗುಡಿಸುವವಳು ಬಂದು ಕಾಲು ಎತ್ತಿ ಎಂದಾಗಲೂ ಕಾಲು ಎತ್ತಿಕೊಂಡು ಕೂತೇ ಇದ್ದರು. ಬಸ್ಸಿನಲ್ಲಿ ಒಂದೇ ಒಂದು ಮಾತು ಕೇಳಿದರು: “ಆಲೆಮನೇಲೂ ಇಂಗೇ ಬಿದ್ದಿದ್ನಾ?” ನಾನು ಹೂಂ ಅಂದೆ.

ಸ್ವಾಮಿ, ತಮ್ಮ ನಿಯಮ ನನಗೆ ತಿಳಿಯದು. ನಮ್ಮ ಸೀಮೆಯವನು ಮಾತಾಡಿದರೆ ಗೌರವಕ್ಕೆ ಧಕ್ಕೆ, ಸತ್ತು ಬಿದ್ದರೆ ಧಕ್ಕೆ ಇಲ್ಲ. ಇದನ್ನು ಯಾವ ಅಳತೆಯಲ್ಲಿ ಅಳೆದಿರಿ? ನಗು ತೆಗೆದರೆ ಸಿನಿಮಾ ಗಂಭೀರವಾಗುತ್ತದೆ ಎಂದು ತಮಗೆ ಅನ್ನಿಸಿರಬೇಕು. ಮೊದಲು ಅಲ್ಲಿ ಸತ್ತದ್ದು ಒಬ್ಬ ಮನುಷ್ಯ. ಈಗ ಅಲ್ಲಿ ಯಾರೂ ಸಾಯುವುದಿಲ್ಲ, ಬರೀ ಹೆಣಗಳಿವೆ. ಇದನ್ನೆಲ್ಲ ಸಿಟ್ಟಿನಲ್ಲಿ ಬರೆಯಬೇಕಿತ್ತು. ಸಿಟ್ಟು ಬರುತ್ತಿಲ್ಲ. ಕೆಲವು ತಿಂಗಳಿಂದ ನನಗೆ ಏನೂ ಬರುತ್ತಿಲ್ಲ, ಅನ್ನ ಬೇಯಿಸುತ್ತೇನೆ, ಉಣ್ಣುತ್ತೇನೆ.

ಆದ್ದರಿಂದ ನನ್ನ ಬೇಡಿಕೆ: ಕತ್ತರಿಸಿದ್ದನ್ನು ಮತ್ತೆ ಸೇರಿಸಿ. ಆಗದಿದ್ದರೆ ಸೇತುವೆಯ ಮೇಲಿನ ಆ ಮುಖವನ್ನೂ ಕತ್ತರಿಸಿ. ಎರಡೂ ಆಗದಿದ್ದರೆ ಆ ತುಣುಕನ್ನಾದರೂ ನಮಗೆ ಕೊಡಿಸಿ, ಮನೆಯಲ್ಲಿ ಅತ್ತೆಗೊಬ್ಬರಿಗೇ ತೋರಿಸುತ್ತೇನೆ. ನಮ್ಮ ಅಡುಗೆಮನೆಯಲ್ಲಿ ನಕ್ಕರೆ ಜಿಲ್ಲೆಗೆ ಅವಮಾನವಾಗದು.

ಸಾಹೇಬರಿಗೆ ಬರೆಯುತ್ತಿದ್ದೇನೆ, ಇನ್ನೇನಾದರೂ ಸೇರಿಸಬೇಕೇ ಎಂದು ಅತ್ತೆಯನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: “ಮಾತು ಆಗ್ದೇ ಇದ್ರೆ ಓಗ್ಲಿ ಬುಡು ಮಗಾ. ಅವ್ನ ವಸಿ ಎಬ್ಸಿ ಕೂರ್ಸಿ ಅಂತ ಬರಿ.”

ಇಂತಿ,
ತಮ್ಮ ಕತ್ತರಿಯಿಂದ ಮಾನ ಉಳಿಸಿಕೊಂಡವರಲ್ಲಿ ಒಬ್ಬಳು,
ಯಶೋದ, ಮಂಟೇಸ್ವಾಮಿಯವರ ಹೆಂಡತಿ
ಹೊನ್ನೂರು, ಯಳಂದೂರು ತಾಲ್ಲೂಕು